ದಿವಂಗತ ಪಂಜೆ ಮಂಗೇಶರಾಯರು

ನೇತ್ರಾವತೀ ತೀರದ ಬಂಟವಾಳದಲ್ಲಿ 1874ನೆಯ ಇಸವಿ ಫೆಬ್ರವರಿ 22ರಂದು ಪಂಜೆ ಮಂಗೇಶರಾಯರು ಜನಿಸಿದರು. ಮನೆತನವು ಸಾರಸ್ವತ ಬ್ರಾಹ್ಮಣರದು, ಮನೆಮಾತು ಕೊಂಕಣಿ. ತಂದೆ ರಾಮಪ್ಪಯ್ಯನವರು ಬೇಗನೆ ತೀರಿಕೊಂಡುದರಿಂದ, ತಾರುಣ್ಯದಲ್ಲಿಯೇ ಸಂಸಾರದ ಭಾರವನ್ನು ಹೊತ್ತು ಬಡತನದಲ್ಲಿ ವ್ಯಾಸಂಗವನ್ನು ಸಾಗಿಸಿದರು. ಮಂಗಳೂರಿನ ಸರಕಾರೀ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದು, ಮುಂದೆ ಉಪಾಧ್ಯಾಯರನ್ನು ತರಬೇತುಗೊಳಿಸುವ ಶಾಲೆಯಲ್ಲಿ ಬೋಧಕರೂ ಶಾಲೆಗಳ ಇನ್‌ಸ್ಪೆಕ್ಟರರೂ ಆದರು.

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಯಲ್ಲಿ ಬಹುಮಂದಿ ಮಕ್ಕಳ ಮನೆಮಾತು ತುಳು. ಶಾಲೆಯ ಮಾತಾದರೋ ಕನ್ನಡ. ಅಕ್ಷರದೊಡನೆ ಭಾಷೆಯನ್ನೂ ಹೊಸದಾಗಿ ಕಲಿಯಬೇಕಾದ ಶಿಶುವಿಗೆ ಪಾಠವು ಬರಿಯ ಕಂಠಪಾಠವಾಗಿ, ಬೆತ್ತವೇ ಗುರುವಾಗಿಬಿಡುವುದು ಸುಲಭ. ಅಂಜಿದ ಬಡವರ ಮಗು ಶಾಲೆಯನ್ನು ಬಿಟ್ಟರೆ ಮರಳಿ ಬರುವುದು ದುರ್ಲಭ. ಇನ್‌ಸ್ಪೆಕ್ಟರರ ಆಗಮನವೆಂದರೆ ಉಪಾಧ್ಯಾಯರಿಗೂ ಭಯವಾಗಿದ್ದ ಆ ಕಾಲದಲ್ಲಿ, ರಾಯರು ಮಕ್ಕಳ ನಡುವೆ ನಿಂತು, ಹಾಡಿ, ಕಥೆ ಹೇಳಿ, ಅಭಿನಯಿಸಿ ನಗಿಸುತ್ತಿದ್ದರು. ತಪ್ಪು ಹುಡುಕುವುದಕ್ಕಿಂತ ಕಲಿಸುವ ಬಗೆಯನ್ನು ಮಾಡಿ ತೋರುವುದೇ ಅವರಿಗೆ ಪ್ರಿಯ.

ಮಗು ಬಲ್ಲ ವಸ್ತುವಿನಿಂದಲೇ ಮಗುವಿಗೆ ಬಾರದ ಭಾಷೆಯನ್ನು ಕಲಿಸಬೇಕೆಂಬ ಮರ್ಮವು ಅವರ ಕೃತಿಗಳಲ್ಲಿ ಕಾಣುತ್ತದೆ. ಹಿತ್ತಲಿನ ನಾಗರಹಾವು, ಕಡಲ ಮೇಲಿಂದ ಬೀಸುವ ತೆಂಕಣಗಾಳಿ ಪದ್ಯವಾದುವು. ತುಳುವರು ಪಾಡ್ದನಗಳಲ್ಲಿ ಹಾಡುತ್ತ ಬಂದ ಕೋಟಿ ಚೆನ್ನಯರ ಕಥೆಯು ಕನ್ನಡ ಗದ್ಯವಾಯಿತು. ಭೂಪಟವಾಗಲಿ ಚಿತ್ರಪಟವಾಗಲಿ ಇಲ್ಲದ ಶಾಲೆಗೂ ಹಾಡು ಎಟುಕುವುದು. ಅದಕ್ಕೆ ಹಣ ಬೇಡ, ಗುರುವಿನ ಕಂಠವೊಂದಿದ್ದರೆ ಸಾಕು. ಇಂತಹ ಸಾಹಿತ್ಯವನ್ನು ಬೆಳೆಸುವುದಕ್ಕಾಗಿ 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಮಿತ್ರರೊಡನೆ ಸ್ಥಾಪಿಸಿದರು.

ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದಾಗಲೂ ಈ ಕ್ರಮವನ್ನು ಅವರು ಬಿಡಲಿಲ್ಲ. ಕೊಡಗಿನ ಮಕ್ಕಳಿಗೆ ಕರಾವಳಿಯ ಹಾಡನ್ನೇ ಹೇಳಿ ತೃಪ್ತರಾಗದೆ, ಆ ನಾಡಿನ ಸುಗ್ಗಿಯ ಹಬ್ಬವನ್ನೂ ವೀರರ ಕೀರ್ತಿಯನ್ನೂ ಹುತ್ತರಿ ಹಾಡಿನಲ್ಲಿ ಹಾಡಿದರು. ಶಿಷ್ಯರಿದ್ದ ನೆಲೆಗೆ ಗುರುವೇ ನಡೆದುಹೋದನು.

1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯು ಅವರನ್ನರಸಿ ಬಂದಿತು. 1937ನೆಯ ಅಕ್ಟೋಬರಿನಲ್ಲಿ ದಿವಂಗತರಾದರು. ಇಷ್ಟು ಮಂದಿಗೆ ಗುರುವಾಗಿದ್ದವರು ಕಾವ್ಯಕ್ಕೆ ಇಟ್ಟುಕೊಂಡ ಅಂಕಿತವು ಕವಿಶಿಷ್ಯ ಎಂಬುದು. ಅನ್ನದಾಸೋಹದೊಡನೆ ವಿದ್ಯಾದಾಸೋಹವನ್ನೂ ನಡೆಸುವ ಮಠಗಳಲ್ಲಿ ಪಾಠ ಹೇಳುವ ಕಾಯಕವನ್ನು ಕೈಕೊಂಡವರಿಗೆ ಆ ಹೆಸರೊಂದೇ ಸಾಕಾದ ಉಪದೇಶ: ಮೊದಲು ಶಿಷ್ಯನಾಗಬಲ್ಲವನೇ ಶಿಷ್ಯನ ಮನಸ್ಸನ್ನು ಅರಿಯಬಲ್ಲನು.