ತನ್ನನ್ನು ತಾನು ನಂಬಿದ ಗುಮಾಸ್ತೆ

ಪರೀಕ್ಷೆಯಲ್ಲಿ ತಪ್ಪಿದವನನ್ನು ಲೋಕವು ದಡ್ಡನೆಂದು ಬಗೆಯುವುದು ವಾಡಿಕೆ. ಅವನೂ ಹಾಗೆಯೇ ಬಗೆದನೆಂದರೆ ಕಥೆ ಅಲ್ಲಿಗೇ ಮುಗಿಯಿತು. ಶ್ರೀನಿವಾಸ ರಾಮಾನುಜನ್ ಹಾಗೆ ಬಗೆಯಲಿಲ್ಲ.

1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿದ ಅವರು ಬೆಳೆದುದು ಕುಂಭಕೋಣದಲ್ಲಿ. ತಂದೆ ಬಟ್ಟೆಯಂಗಡಿಯ ಗುಮಾಸ್ತೆ, ಮನೆಯಲ್ಲಿ ಬಡತನ. 1904ರಲ್ಲಿ ಅಲ್ಲಿನ ಸರ್ಕಾರಿ ಕಾಲೇಜನ್ನು ವಿದ್ಯಾರ್ಥಿವೇತನದೊಡನೆ ಸೇರಿದರು. ಗಣಿತದ ಗುಂಗಿನಲ್ಲಿ ಉಳಿದ ವಿಷಯಗಳನ್ನು ಕಡೆಗಣಿಸಿದ್ದರಿಂದ ಆ ವೇತನ ಕೈತಪ್ಪಿತು. ಮುಂದೆ ಮದರಾಸಿನ ಕಾಲೇಜೊಂದನ್ನು ಸೇರಿ ಎಫ್.ಎ. ಪರೀಕ್ಷೆಗೆ ಕುಳಿತರೂ ಉತ್ತೀರ್ಣರಾಗಲಿಲ್ಲ. ಪದವಿಯಿಲ್ಲ, ಉದ್ಯೋಗವಿಲ್ಲ. ಕಾಗದ ಕೊಳ್ಳಲು ಹಣ ಸಾಲದೆ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರಸಿ, ಕೊನೆಯ ಫಲವನ್ನಷ್ಟೇ ನೋಟುಪುಸ್ತಕಕ್ಕೆ ಇಳಿಸುತ್ತಿದ್ದರು. ಹೀಗೆ ವರುಷಗಳು ಉರುಳಿದವು; ಬರವಣಿಗೆ ಮಾತ್ರ ನಿಲ್ಲಲಿಲ್ಲ.

1912ರಲ್ಲಿ ಮದರಾಸಿನ ಪೋರ್ಟ್ ಟ್ರಸ್ಟ್ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತೆಗಿರಿ ದೊರೆಯಿತು. ಹೊಟ್ಟೆಯ ಚಿಂತೆ ತೀರಿತೆಂದು ಅವರು ಸುಮ್ಮನಾಗಲಿಲ್ಲ. ಕೇಂಬ್ರಿಡ್ಜಿನ ಇಬ್ಬರು ವಿದ್ವಾಂಸರಿಗೆ ತಮ್ಮ ಸೂತ್ರಗಳನ್ನು ಕಳುಹಿಸಿದರು, ಪ್ರೋತ್ಸಾಹ ಸಿಗಲಿಲ್ಲ. 1913ರ ಜನವರಿ 16ರಂದು ಜಿ. ಎಚ್. ಹಾರ್ಡಿಯವರಿಗೆ ಬರೆದರು. ಹಾರ್ಡಿಯವರು ಮಿತ್ರ ಲಿಟಲ್‌ವುಡ್‌ರೊಡನೆ ಕುಳಿತು ಆ ಹಾಳೆಗಳನ್ನು ಪರೀಕ್ಷಿಸಿ, ಬರೆದವನು ಅಸಾಮಾನ್ಯನೆಂದು ಅರಿತರು. 1914ರಲ್ಲಿ ರಾಮಾನುಜನ್ ಇಂಗ್ಲೆಂಡಿಗೆ ಹಡಗು ಹತ್ತಿದರು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅವಿಭಾಜ್ಯ ಸಂಖ್ಯೆಗಳ ಬಗೆಗೆ ಅವರು ಬರೆದು ಕಳುಹಿಸಿದ್ದ ಕೆಲವು ಮಾತುಗಳು ತಪ್ಪಾಗಿದ್ದುವು. ಹಾರ್ಡಿಯವರು ಅದನ್ನು ತೋರಿಸಿಕೊಟ್ಟಾಗ ಅವರು ಹಟ ಹಿಡಿಯದೆ, ಸಾಧನೆಗಳನ್ನು ಕ್ರಮವಾಗಿ ಕೊಡುವ ವಿಧಾನವನ್ನು ಕಲಿತರು. ಆತ್ಮವಿಶ್ವಾಸಕ್ಕೂ ಅಹಂಕಾರಕ್ಕೂ ಇರುವ ಅಂತರ ಇದೇ. ತನ್ನ ಶಕ್ತಿಯಲ್ಲಿ ನಂಬಿಕೆಯುಳ್ಳವನು ತನ್ನ ಕೆಲಸವನ್ನು ಬಲ್ಲವರ ಮುಂದಿಡಲು ಅಂಜುವುದಿಲ್ಲ. ತಿದ್ದಿಸಿಕೊಳ್ಳಲು ನಾಚುವುದೂ ಇಲ್ಲ.

ಎಫ್.ಎ. ದಾಟದಿದ್ದವರಿಗೆ 1916ರಲ್ಲಿ ಸಂಶೋಧನೆಗಾಗಿ ಕೇಂಬ್ರಿಡ್ಜಿನ ಬಿ.ಎ. ದೊರೆಯಿತು. 1918ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. ಆದರೆ ದೇಹ ಸೋತಿತ್ತು. 1919ರಲ್ಲಿ ಸ್ವದೇಶಕ್ಕೆ ಮರಳಿ, ಹಾಸಿಗೆ ಹಿಡಿದಾಗಲೂ ಹೊಸ ಫಲಗಳನ್ನು ಬರೆಯುತ್ತಲೇ ಇದ್ದು, 1920ರ ಏಪ್ರಿಲ್ 26ರಂದು ತೀರಿಕೊಂಡರು. ಆಗ ಅವರ ವಯಸ್ಸು 32. ಆ ಕಡೆಯ ದಿನಗಳ ಹಾಳೆಗಳು 1976ರಲ್ಲಿ ಕೇಂಬ್ರಿಡ್ಜಿನ ಗ್ರಂಥಾಲಯದಲ್ಲಿ ಬೆಳಕಿಗೆ ಬಂದು, ಅನೇಕ ಗಣಿತಜ್ಞರಿಗೆ ಕೆಲಸ ಕೊಟ್ಟಿವೆ.

ಸಹಪಾಠಿಗಳೇ, ನಮ್ಮಲ್ಲಿ ಎಲ್ಲರೂ ರಾಮಾನುಜನ್ ಆಗಲಾರೆವು, ನಿಜ. ಆದರೆ ಫಲಿತಾಂಶದ ಪಟ್ಟಿಯಲ್ಲಿ ಹೆಸರು ಕಾಣದ ದಿನ, ಮನೆಗೆ ಹೋಗಿ ಮತ್ತೆ ಸ್ಲೇಟು ಹಿಡಿಯುವ ಧೈರ್ಯವನ್ನು ಅವರಿಂದ ನಾವೆಲ್ಲರೂ ಕಲಿಯಬಹುದು.