ಪುರಸಭೆಯಿಂದ ರಾಷ್ಟ್ರಪತಿ ಭವನಕ್ಕೆ

ವಾರ್ಡ್ ಮೆಂಬರ್ ಅಂದ್ರೆ ನಾವೆಲ್ಲ ನಗ್ತೀವಿ. ಆದ್ರೆ ಅಥಣಿ ಪಕ್ಕದ ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು ಶುರು ಮಾಡಿದ್ದು ಅಲ್ಲಿಂದಲೇ. 1940ರಲ್ಲಿ ಜಮಖಂಡಿ ಪುರಸಭೆ ಸದಸ್ಯ, 1945ರಲ್ಲಿ ಅಧ್ಯಕ್ಷ, ಆಮೇಲೆ ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯಕ್ಕೆ ಸೇರಿದಾಗ ಹುದ್ದೆಯೇ ಹೋಯ್ತು, ವಕೀಲಿಗೆ ಮರಳಿದರು.

1952ರಲ್ಲಿ ಜಮಖಂಡಿಯಿಂದಲೇ ಗೆದ್ದು ಶಾಸಕರಾದರು. ಏಕೀಕರಣದ ನಂತರ ಭೂಸುಧಾರಣಾ ಸಮಿತಿಯ ಅಧ್ಯಕ್ಷರು. 1961ರ ಕಾಯ್ದೆಗೆ ಆ ವರದಿಯೇ ಅಡಿಪಾಯ. 1958ರಿಂದ 1962ರವರೆಗೆ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ.

1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದಾಗ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸುವ ಕಡತ ಮುಂದೆ ಬಂತು. ಮೊದಲು ಹಿಂಜರಿದರು, ಕೊನೆಗೆ ಸಹಿ ಹಾಕಿದರು. ಪುರಸಭೆಯಿಂದ ಮೆಟ್ಟಿಲು ಹತ್ತಿದವರಿಗೆ ಆ ಸಹಿ ಸುಲಭ ಇರ್ಲಿಲ್ಲ ಅಂತ ನನಗನಿಸುತ್ತೆ. 2002ರಲ್ಲಿ ಜತ್ತಿಯವರು ತೀರಿಕೊಂಡರು.