ಠಕ್ಕರ ಬೆನ್ನು ಹತ್ತಿದ ಸ್ಲೀಮನ್

ಗುಪ್ತಚಾರ ಮುಖ್ಯಸ್ಥರೆಂದೊಡನೆ ಅಮೇರಿಕದವರ ಹೆಸರುಗಳು ನೆನಪಾಗುವುದು ಸಹಜ. ಆದರೆ ಅಲ್ಲಿಯ ಕೇಂದ್ರ ಬೇಹು ಸಂಸ್ಥೆ ಹುಟ್ಟಿದ್ದು 1947ರಲ್ಲಿ. ಅದಕ್ಕೆ ನೂರು ವರ್ಷಗಳಿಗೂ ಹಿಂದೆ, ನಾಗಪುರದ ನೆರೆಸೀಮೆಯಲ್ಲಿ ಅಂತಹುದೊಂದು ಇಲಾಖೆಯನ್ನು ಕಟ್ಟಿದವನು ವಿಲಿಯಂ ಹೆನ್ರಿ ಸ್ಲೀಮನ್. ಮನೀಶ್ ನಗರದ ಕನ್ನಡ ಬಂಧುಗಳು ಅವನ ಚರಿತ್ರೆಯನ್ನು ಅರಿಯುವುದು ಉಚಿತವೆಂದು ಭಾವಿಸುತ್ತೇವೆ.

1788ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಜನಿಸಿದ ಸ್ಲೀಮನ್ 1809ರಲ್ಲಿ ಬಂಗಾಳದ ಸೈನ್ಯವನ್ನು ಸೇರಿದನು. 1817ರ ಸೀತಾಬರ್ಡಿ ಯುದ್ಧದಲ್ಲಿ ಸೋತ ಭೋಸಲೆಯವರು ನರ್ಮದಾ ತೀರದ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟರು. ಸಿವನಿ, ಲಖನಾದೋನ್ ದಾಟಿದರೆ ಸಿಗುವ ನರಸಿಂಹಪುರದ ಆಡಳಿತ 1822ರಲ್ಲಿ ಅವನ ಪಾಲಿಗೆ ಬಂದಿತು.

ಆಗ ದಾರಿಗರ ಸ್ನೇಹ ಗಳಿಸಿ, ಕೊರಳಿಗೆ ವಸ್ತ್ರ ಬಿಗಿದು ಕೊಂದು ದೋಚುವ ತಂಡಗಳಿದ್ದವು. ನಮ್ಮ ಠಕ್ಕ ಎಂಬ ಶಬ್ದವೂ ಅದೇ ಕುಲದ್ದು. ಶ್ರೀರಂಗಪಟ್ಟಣ ಪತನವಾದ 1799ರ ತರುವಾಯ ಬೆಂಗಳೂರಿನ ಬಳಿ ಇಂಥ ಸುಮಾರು ನೂರು ಮಂದಿ ಸೆರೆಸಿಕ್ಕಿದ್ದರು. ವಿಚಿತ್ರವೆಂದರೆ, ಸ್ಲೀಮನ್ನನ ಕಚೇರಿಗೆ ಕೂಗಳತೆಯ ಕಂದೇಲಿ ಗ್ರಾಮದಲ್ಲಿಯೇ ಒಂದು ತಂಡ ವಾಸವಾಗಿದ್ದುದು ಅವನಿಗೆ ತಿಳಿದದ್ದು ವರ್ಷಗಳ ನಂತರ.

ಅವನ ಆಯುಧ ಖಡ್ಗವಲ್ಲ, ಕಡತ. ಸಿಕ್ಕಿದವರಿಗೆ ಪ್ರಾಣದಾನವಿತ್ತು ಮಾಫಿ ಸಾಕ್ಷಿಗಳನ್ನಾಗಿಸಿ, ಹೆಸರು, ವಂಶ, ಗುಪ್ತಭಾಷೆಗಳನ್ನು ಬರೆದಿರಿಸಿ, ಒಬ್ಬನ ಮಾತನ್ನು ಇನ್ನೊಬ್ಬನ ಮಾತಿಗೆ ತಾಳೆ ನೋಡುತ್ತಿದ್ದನು. 1835ರಲ್ಲಿ ಈ ಕಾರ್ಯದ ಮುಖ್ಯಾಧಿಕಾರಿಯಾದನು. 1831ರಿಂದ 1837ರವರೆಗೆ ವಿಚಾರಣೆಗೊಳಗಾದ 3,266 ಜನರಲ್ಲಿ 412 ಮಂದಿ ಗಲ್ಲಿಗೇರಿದರು. 483 ಮಂದಿ ಮಾಫಿ ಸಾಕ್ಷಿಗಳಾದರು.

ಮಾರ್ಗಗಳು ನಿರ್ಭಯವಾದುದು ನಿಜ. ಆದರೆ ಪ್ರಾಣಭಯದಿಂದ ನುಡಿದವನ ಮಾತೆಲ್ಲ ಸತ್ಯವೆ? 1836ರ ಕಾಯಿದೆಯಂತೆ ತಂಡಕ್ಕೆ ಸೇರಿದ್ದನೆಂದು ತೋರಿದರೆ ಸಾಕು, ಆಜೀವ ಸೆರೆ. ವಂಶವನ್ನೇ ಅಪರಾಧಿಯೆಂದೆಣಿಸುವ ಬುದ್ಧಿ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಗೆ ದಾರಿಯಾಯಿತು. ಕೊರಚರೇ ಮೊದಲಾದ ಬಡಜನರು ಅದರ ಕಳಂಕ ಹೊತ್ತರು. 1952ರಲ್ಲಿ ಅದು ರದ್ದಾಯಿತು.

ಲಖನೌದಲ್ಲಿ ರೆಸಿಡೆಂಟನಾಗಿದ್ದಾಗ ಸ್ಲೀಮನ್ ನವಾಬನ ದುರಾಡಳಿತವನ್ನು ಖಂಡಿಸಿಯೂ ಔಧ್ ರಾಜ್ಯವನ್ನು ನುಂಗುವುದು ಅನ್ಯಾಯವೆಂದು ಎಚ್ಚರಿಸಿದನು. ಕಂಪೆನಿ ಕೇಳಲಿಲ್ಲ. 1856ರ ಫೆಬ್ರವರಿಯಲ್ಲಿ ಔಧ್ ವಶವಾಯಿತು. ಅದೇ ತಿಂಗಳ 10ರಂದು ಸ್ವದೇಶಕ್ಕೆ ಮರಳುತ್ತಿದ್ದ ಸ್ಲೀಮನ್ ಸಿಂಹಳದ ಸಮೀಪ ಸಮುದ್ರದಲ್ಲಿ ಮೃತನಾದನು. ಮರುವರ್ಷ ದಂಗೆಯ ಕಿಚ್ಚು ಅಲ್ಲಿಯೇ ಪ್ರಬಲವಾಗಿ ಉರಿಯಿತು.

ಬೇಹಿನವನು ತಂದ ಸುದ್ದಿಯನ್ನು ಆಳುವವರು ತಮಗೆ ಬೇಕಾದಾಗ ಮಾತ್ರ ಕೇಳುತ್ತಾರೆ. ಕಡತದಲ್ಲಿ ಹೆಸರು ಬರೆಯುವ ಕೈ ಇದನ್ನು ಮರೆಯಬಾರದು. ಒಂದು ಹೆಸರಿನ ಹಿಂದೆ ಒಂದು ಮನೆಯಿರುತ್ತದೆ.